ವಿದೇಶದಲ್ಲಿ ಪೈಲಟ್ ತರಬೇತಿ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಪಿಯುಸಿ ಸೈನ್ಸ್ ಮುಗಿಸಿದ ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳಿಸಿ ಪೈಲಟ್ ಮಾಡಬೇಕು ಅನ್ನುವ ಮನೆಗಳು ಈಗ ಹುಬ್ಬಳ್ಳಿಯ ವಿದ್ಯಾನಗರದಲ್ಲಷ್ಟೇ ಇಲ್ಲ. ರೋಣ, ಶಿಗ್ಗಾಂವಿ, ರಾಣೆಬೆನ್ನೂರಿನಲ್ಲೂ ಇವೆ. ಇಂಥ ಮನೆಗಳಲ್ಲಿ ರೊಕ್ಕ ಹಾಳಾಗುವುದು ಹುಡುಗರ ಬುದ್ಧಿ ಸಾಲದೆ ಅಲ್ಲ, ಕೆಲಸದ ಕ್ರಮ ತಪ್ಪಿ. ಮೊದಲು ಏಜೆಂಟನಿಗೆ ಮುಂಗಡ, ಆಮೇಲೆ ವೀಸಾ, ಹೊರಡುವ ಮುನ್ನ ಮೆಡಿಕಲ್, ವಾಪಸ್ ಬಂದ ಮೇಲೆ ಭಾರತದ ನಿಯಮ. ಈ ಸಾಲನ್ನು ಪೂರ್ತಿ ತಿರುಗಿಸಬೇಕು. ನೀವು ಹಾರಿಸಬೇಕಾದದ್ದು ಭಾರತದ ಕಂಪನಿಗಳ ವಿಮಾನ. ಅದಕ್ಕೆ ಬೇಕಾದ ಲೈಸೆನ್ಸ್ ಕೊಡುವುದು ದೆಹಲಿಯ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅಮೆರಿಕದ ಫ್ಲೋರಿಡಾದಲ್ಲಿ ಹಾರಿದ ಪ್ರತಿ ಗಂಟೆಯನ್ನೂ ಕೊನೆಗೆ ಅಳೆಯುವುದು ಅದೇ ಕಚೇರಿ. ಹಾಗಾಗಿ ಮೊದಲ ದಿನದಿಂದಲೇ ಅದರ ಲೆಕ್ಕದಲ್ಲಿ ನಡೆಯಬೇಕು.

ಮೊದಲು ಕಣ್ಣು, ಆಮೇಲೆ ಉಳಿದದ್ದು

ಊರಿನ ಯಾವುದೇ ಒಳ್ಳೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಇಶಿಹಾರಾ ಪರೀಕ್ಷೆ ಮಾಡಿಸಿ. ಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿ ಓದುವ ಪುಸ್ತಕವದು. ಹತ್ತು ನಿಮಿಷದ ಕೆಲಸ. ಬಣ್ಣಗುರುಡು ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಅದಕ್ಕೆ ಕನ್ನಡಕವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಪುಸ್ತಕದಲ್ಲಿ ಎಡವಿದವರಿಗೆ ಮುಂದಿನ ಹಂತದ ಪರೀಕ್ಷೆಗಳಿವೆ. ಅಲ್ಲೂ ಆಗದಿದ್ದರೆ ಏರ್‌ಲೈನ್ ದಾರಿ ಮುಚ್ಚಿದಂತೆ. ಸಾಮಾನ್ಯ ದೃಷ್ಟಿದೋಷದ ಮಾತು ಬೇರೆ: ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಹೋದರೆ ಸಾಕು. ಲೇಸಿಕ್ ಮಾಡಿಸಿದವರು ಆಪರೇಷನ್ನಿಗೆ ಮುಂಚಿನ ನಂಬರ್ ಇರುವ ಕಾಗದ ಕಾದಿಟ್ಟುಕೊಳ್ಳಿ, ಅದನ್ನು ಕೇಳುತ್ತಾರೆ.

ಡಿಜಿಸಿಎ ಮೆಡಿಕಲ್‌ಗೆ ಎರಡು ಮೆಟ್ಟಿಲು. ಕ್ಲಾಸ್ 2 ಅನ್ನು ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರೇ ಮಾಡಬೇಕು. ಪಟ್ಟಿ ಅದರ ವೆಬ್‌ಸೈಟಿನಲ್ಲಿದೆ. ಮನೆ ಡಾಕ್ಟರ ಸರ್ಟಿಫಿಕೇಟ್ ನಡೆಯುವುದಿಲ್ಲ. ಅದರ ಫಲಿತಾಂಶ ಡಿಜಿಸಿಎಯ ಆನ್‌ಲೈನ್ ಸೇವೆಯಾದ ಇ-ಜಿಸಿಎ ಪೋರ್ಟಲ್‌ನಲ್ಲಿ ಬಂದು ಫೈಲ್ ನಂಬರ್ ಸಿಕ್ಕ ಮೇಲೆ ಕ್ಲಾಸ್ 1. ಇದಕ್ಕೆ ನಮ್ಮ ಕಡೆಯವರಿಗೆ ಹತ್ತಿರದ್ದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಡೆ ಇರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ರಕ್ತ, ಮೂತ್ರ, ಇಸಿಜಿ, ಎದೆ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್, ಕಿವಿಯ ಆಡಿಯೋಮೆಟ್ರಿ, ಕಣ್ಣು ಎಲ್ಲವನ್ನೂ ನೋಡುತ್ತಾರೆ.

ನಮ್ಮ ಭಾಗದ ಹುಡುಗರು ಸಿಕ್ಕಿಬೀಳುವ ಜಾಗಗಳು ಹೆಚ್ಚುಕಡಿಮೆ ಇವೇ: ತೂಕ, ಬಿಪಿ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಸಣ್ಣ ಕಿಡ್ನಿ ಕಲ್ಲು, ಮೂಗಿನ ಓರೆ ಮೂಳೆ. ಕಲ್ಲು ಸಿಕ್ಕರೆ ಸಾಮಾನ್ಯವಾಗಿ ‘ತಾತ್ಕಾಲಿಕ ಅನರ್ಹ’ ಎಂದು ಬರೆಯುತ್ತಾರೆ. ಚಿಕಿತ್ಸೆ ಮುಗಿಸಿ ಮತ್ತೆ ತೋರಿಸಬೇಕು, ತಿಂಗಳುಗಳು ಹೋಗುತ್ತವೆ. ಹೀಗಾಗಿ ಮೂರು ತಿಂಗಳು ಮುಂಚೆಯೇ ಹುಬ್ಬಳ್ಳಿಯಲ್ಲಿ ಒಂದು ಹೊಟ್ಟೆಯ ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಮಾಡಿಸಿಕೊಂಡು ನೋಡಿ. ಬಿಪಿಯದು ಇನ್ನೊಂದು ಕಥೆ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ನಿದ್ದೆಗೆಟ್ಟು, ಬೆಳಗ್ಗೆ ನೇರ ಪರೀಕ್ಷೆಗೆ ಹೋಗಿ ಕೂತರೆ ಇಪ್ಪತ್ತರ ಹುಡುಗನ ಬಿಪಿಯೂ ಏರಿರುತ್ತದೆ. ಹಿಂದಿನ ದಿನವೇ ಹೋಗಿ ಮಲಗಿ. ಕಿವಿ ಪರೀಕ್ಷೆಗೆ ಮುಂಚಿನ ಎರಡು ದಿನ ಡಿಜೆ, ಇಯರ್‌ಫೋನ್ ಬೇಡ. ನೆಗಡಿಯಿದ್ದರೆ ದಿನಾಂಕವನ್ನೇ ಮುಂದೂಡಿ.

ಕ್ಲಾಸ್ 1 ಕೈಗೆ ಬರುವವರೆಗೆ ಯಾವ ಶಾಲೆಗೂ, ಯಾವ ಏಜೆಂಟನಿಗೂ ಒಂದು ರೂಪಾಯಿ ಕೊಡಬೇಡಿ. ಈ ಬರಹದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕಾಗದಪತ್ರ ಮತ್ತು ಹೆಸರಿನ ತಕರಾರು

ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. ಕಾಮರ್ಸ್, ಆರ್ಟ್ಸ್ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯಿಂದ ಈ ಎರಡು ವಿಷಯಗಳನ್ನು ಬರೆದು ಪಾಸಾಗುವ ದಾರಿಯಿದೆ. ಪಿಸಿಬಿಯ ಜೊತೆ ಗಣಿತ ತೆಗೆದುಕೊಳ್ಳದವರಿಗೂ ಅದೇ ದಾರಿ. ವಯಸ್ಸು ಸ್ಟೂಡೆಂಟ್ ಪೈಲಟ್‌ಗೆ 16, ಪ್ರೈವೇಟ್ ಲೈಸೆನ್ಸ್‌ಗೆ 17, ಕಮರ್ಷಿಯಲ್‌ಗೆ 18.

ಡಿಜಿಸಿಎಯ ಪರೀಕ್ಷಾ ಪೋರ್ಟಲ್‌ನಲ್ಲಿ ಕಂಪ್ಯೂಟರ್ ನಂಬರ್ ಪಡೆಯಬೇಕು. ಅದಿಲ್ಲದೆ ಯಾವ ಪೇಪರೂ ಬರೆಯಲಾಗದು. ಅರ್ಜಿಗೆ ಪಿಯು ಅಂಕಪಟ್ಟಿಯ ನೈಜತೆ ದೃಢಪಡಬೇಕು, ಅಂದರೆ ಬೆಂಗಳೂರಿನ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಕಡೆಯಿಂದ ವೆರಿಫಿಕೇಷನ್. ಕಾಲೇಜಿನ ಪ್ರಿನ್ಸಿಪಾಲರ ಸಹಿ ಸಾಲದು.

ಕಾಗದಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಮಂಜುನಾಥ ಎಸ್’ ಎಂದಿರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಮುಂದೆ ಬಂದಿರುತ್ತದೆ. ವೀಸಾ, ವಿದೇಶಿ ಲೈಸೆನ್ಸ್, ಲಾಗ್‌ಬುಕ್ ಎಲ್ಲವೂ ಪಾಸ್‌ಪೋರ್ಟಿನ ಹೆಸರಿನಲ್ಲೇ ಬರುತ್ತವೆ. ಡಿಜಿಸಿಎ ಮಾತ್ರ ಹತ್ತನೇ ತರಗತಿಯ ಕಾರ್ಡಿನೊಂದಿಗೆ ತಾಳೆ ನೋಡುತ್ತದೆ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮೊದಲೇ ಯಾವ ರೂಪ ಬೇಕೆಂದು ತೀರ್ಮಾನಿಸಿ, ಇನಿಶಿಯಲ್ ಬಿಡಿಸಿ ಬರೆಯಿಸಿ, ಎಲ್ಲ ಕಾಗದದಲ್ಲೂ ಒಂದೇ ಮಾಡಿಸಿ. ವಾಪಸ್ ಬಂದ ಮೇಲೆ ಅಫಿಡವಿಟ್ ಹಿಡಿದು ಓಡಾಡುವುದಕ್ಕಿಂತ ಇದು ಎಷ್ಟೋ ಸುಲಭ.

ಡಿಜಿಸಿಎ ಕೇಳುವ ಗಂಟೆಗಳು

ಈ ಅಂಕಿಗಳನ್ನು ಬರೆದು ಹಾಸ್ಟೆಲ್ ಕೋಣೆಯ ಗೋಡೆಗೆ ಅಂಟಿಸಿಕೊಳ್ಳಿ. ಒಟ್ಟು 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್, ಎಲ್ಲರೂ ಹೇಳುವ ಪಿಐಸಿ, ಅಂದರೆ ವಿಮಾನದ ಹೊಣೆ ನಿಮ್ಮದೇ ಆಗಿ ಹಾರಿದ್ದು. ಈ ನೂರರಲ್ಲಿ ಕನಿಷ್ಠ 15 ಅರ್ಜಿಯ ಹಿಂದಿನ ಆರು ತಿಂಗಳೊಳಗಿನದಾಗಿರಬೇಕು. ಪಿಐಸಿಯಾಗಿ 20 ಗಂಟೆ ಕ್ರಾಸ್ ಕಂಟ್ರಿ, ಅಂದರೆ ಒಂದು ನಿಲ್ದಾಣದಿಂದ ದೂರದ ಇನ್ನೊಂದಕ್ಕೆ ಹೋಗುವ ಹಾರಾಟ. ಅದರೊಳಗೆ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 556 ಕಿ.ಮೀ.ಗೆ, ಕಡಿಮೆಯಿಲ್ಲದ ಒಂದು ಹಾರಾಟ. ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಪೂರ್ತಿ ನಿಲ್ಲಿಸುವ ಲ್ಯಾಂಡಿಂಗ್. ಚಕ್ರ ತಾಗಿಸಿ ಮತ್ತೆ ಏರುವ ಟಚ್ ಆ್ಯಂಡ್ ಗೋ ಇಲ್ಲಿ ಲೆಕ್ಕಕ್ಕಿಲ್ಲ. ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನೋಡಿ ಹಾರುವ ಉಪಕರಣ ಹಾರಾಟ 10 ಗಂಟೆ, ಸಿಮ್ಯುಲೇಟರ್‌ನದು ಅದರಲ್ಲಿ 5 ದಾಟಬಾರದು. ರಾತ್ರಿ ಹಾರಾಟ 5 ಗಂಟೆ, ಪಿಐಸಿಯಾಗಿ ಹತ್ತು ಟೇಕಾಫ್, ಹತ್ತು ಲ್ಯಾಂಡಿಂಗ್; ಇವೂ ಕೊನೆಯ ಆರು ತಿಂಗಳಲ್ಲಿ ಆಗಿರಬೇಕು.

ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಅಂದರೆ ಎಲ್ಲರೂ ಐಆರ್ ಅನ್ನುವ, ಉಪಕರಣ ನೋಡಿ ಹಾರುವ ಅನುಮತಿಗೆ, 50 ಗಂಟೆ ಪಿಐಸಿ ಕ್ರಾಸ್ ಕಂಟ್ರಿ, 40 ಗಂಟೆ ಉಪಕರಣ ಹಾರಾಟ. ಐಆರ್ ಇಲ್ಲದ ಸಿಪಿಎಲ್ ಅನ್ನು, ಅಂದರೆ ಕಮರ್ಷಿಯಲ್ ಲೈಸೆನ್ಸನ್ನು, ಏರ್‌ಲೈನ್ ತಿರುಗಿಯೂ ನೋಡುವುದಿಲ್ಲ.

ಅಮೆರಿಕಕ್ಕೆ ಹೋಗುವವರು ಮುಗ್ಗರಿಸುವುದು ಈ ಅಂಕಿಗಳಲ್ಲೇ. ಅಲ್ಲಿನ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎಯ ನಿಯಮದಲ್ಲಿ, ಪಕ್ಕದಲ್ಲಿ ಶಿಕ್ಷಕ ಕೂತಿದ್ದರೂ ನಿಯಂತ್ರಣ ನಿಮ್ಮ ಕೈಯಲ್ಲಿದ್ದರೆ, ಆ ವಿಮಾನಕ್ಕೆ ನಿಮ್ಮ ರೇಟಿಂಗ್ ಇದ್ದರೆ, ಅದನ್ನು ಪಿಐಸಿ ಅಂಕಣದಲ್ಲಿ ಬರೆದುಕೊಳ್ಳಬಹುದು. ಇಬ್ಬರು ವಿದ್ಯಾರ್ಥಿಗಳು ಹೋಗಿ, ಒಬ್ಬ ಹೊರಗಿನ ನೋಟಕ್ಕೆ ಮರೆ ಕಟ್ಟಿಕೊಂಡು ಉಪಕರಣ ಮಾತ್ರ ನೋಡಿ ಹಾರಿಸಿ, ಇನ್ನೊಬ್ಬ ಹೊರಗೆ ಕಣ್ಣಿಡುವ ಸೇಫ್ಟಿ ಪೈಲಟ್ ಆಗಿ ಕೂತು ಇಬ್ಬರೂ ಗಂಟೆ ಬರೆದುಕೊಳ್ಳುವ ಪದ್ಧತಿಯೂ ಉಂಟು. ಅಲ್ಲಿ ಅದು ನ್ಯಾಯವೇ. ಡಿಜಿಸಿಎ ಮುಂದೆ, ಶಿಕ್ಷಕರ ಜೊತೆ ಹಾರಿದ ಡ್ಯುಯಲ್ ಅಂದರೆ ಡ್ಯುಯಲ್. ಹಂಚಿಕೊಂಡ ಗಂಟೆ ನಡೆಯುವುದಿಲ್ಲ. ಎಫ್‌ಎಎ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಬಂದು, ಒಬ್ಬರೇ ಹಾರಿದ ಗಂಟೆ 60-65 ಮಾತ್ರ ಎಂದು ತಿಳಿದಾಗ ಉಳಿದದ್ದನ್ನು ಇಲ್ಲಿ ಮತ್ತೆ ದುಡ್ಡು ಕೊಟ್ಟು ಹಾರಬೇಕಾಗುತ್ತದೆ.

ಇನ್ನೊಂದು ಕೊರತೆಯೂ ಅಲ್ಲೇ ಹುಟ್ಟುತ್ತದೆ. ಎಫ್‌ಎಎ ಒಪ್ಪಿದ ಪಠ್ಯಕ್ರಮ ನಡೆಸುವ ಪಾರ್ಟ್ 141 ಶಾಲೆಯಲ್ಲಿ 190 ಗಂಟೆಗೇ ಕಮರ್ಷಿಯಲ್ ಸಿಗಬಹುದು; ಅಂಥ ಪಠ್ಯಕ್ರಮದ ಕಟ್ಟಿಲ್ಲದ ಪಾರ್ಟ್ 61 ದಾರಿಯಲ್ಲಿ 250 ಬೇಕು. 190ರ ಕೋರ್ಸ್ ಅಗ್ಗ ಕಾಣುತ್ತದೆ, ಆದರೆ ಭಾರತಕ್ಕೆ 200 ಬೇಕೇ ಬೇಕು. ನ್ಯೂಜಿಲೆಂಡ್, ಆಸ್ಟ್ರೇಲಿಯಾದ 150 ಗಂಟೆಯ ಸಂಯುಕ್ತ ಕೋರ್ಸುಗಳಿಗೂ ಇದೇ ಮಾತು. ಸೇರುವ ಮುಂಚೆ ಶಾಲೆಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಕೋರ್ಸ್ ಮುಗಿದಾಗ ಡಿಜಿಸಿಎ ಅರ್ಥದ ಪಿಐಸಿ ಎಷ್ಟು ಗಂಟೆ ಇರುತ್ತದೆ? ಉತ್ತರ ಇಮೇಲ್‌ನಲ್ಲಿ ಬರೆದು ಬರಲಿ. ‘ನಮ್ಮಲ್ಲಿ ಇಂಡಿಯಾದವರು ಬಹಳ ಮಂದಿ ಬರ್ತಾರೆ, ಚಿಂತೆ ಬೇಡ’ ಅನ್ನುವುದು ಉತ್ತರವಲ್ಲ.

ಯಾವ ದೇಶ?

ಅಮೆರಿಕದಲ್ಲಿ ವಿಮಾನ, ಶಾಲೆ, ನಿಲ್ದಾಣ ಎಲ್ಲವೂ ಹೇರಳ. ಹವೆ ಒಳ್ಳೆಯದಿದ್ದರೆ ಕೆಲಸ ಬೇಗ ಸಾಗುತ್ತದೆ. ಆದರೆ ಅಂತಿಮ ಪರೀಕ್ಷೆ ತೆಗೆದುಕೊಳ್ಳುವ ಪರೀಕ್ಷಕರ ದಿನಾಂಕ ಸಿಗಲು ವಾರಗಟ್ಟಲೆ ಕಾಯಬೇಕಾಗುತ್ತದೆ. ಕಾಯುವಾಗಲೂ ಊಟ, ಬಾಡಿಗೆ ನಿಲ್ಲುವುದಿಲ್ಲ. ಕೈ ಮರೆಯದಂತೆ ವಾರಕ್ಕೆರಡು ಸಲ ಹಾರಲೂ ಬೇಕು. ಕೆನಡಾದ 200 ಗಂಟೆ, 100 ಪಿಐಸಿ ಲೆಕ್ಕ ಡಿಜಿಸಿಎಗೆ ಹತ್ತಿರ, ಹಾಗಾಗಿ ಕೊರತೆ ಕಡಿಮೆ. ಚಳಿಗಾಲ ಮಾತ್ರ ನಿಧಾನ ಮಾಡುತ್ತದೆ: ಹಗಲು ಗಿಡ್ಡ, ರೆಕ್ಕೆಯ ಮೇಲೆ ಹಿಮ, ಮೈನಸ್ ಇಪ್ಪತ್ತರಲ್ಲಿ ಎಂಜಿನ್ ಬಿಸಿ ಮಾಡದೆ ಸ್ಟಾರ್ಟ್ ಮಾಡುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಖರ್ಚು ಕಡಿಮೆ; ಎಂಟು ಥಿಯರಿ ಪೇಪರ್, ಪಾಸಾಗಲು ಶೇ. 75. ನ್ಯೂಜಿಲೆಂಡ್‌ನಲ್ಲಿ ಆರು ಪೇಪರ್, ಶೇ. 70. ಗುಡ್ಡ, ಗಾಳಿಯ ದೇಶವಾದ್ದರಿಂದ ಅಲ್ಲಿ ಕಲಿತವರ ಕೈ ಗಟ್ಟಿಯಾಗಿರುತ್ತದೆ, ಮೋಡದಿಂದ ರದ್ದಾಗುವ ದಿನವೂ ಹೆಚ್ಚು. ಯುರೋಪಿನ ಹದಿಮೂರು ಪೇಪರಿನ ದಾರಿ ಅಲ್ಲೇ ಕೆಲಸ ಮಾಡುವ ಹಕ್ಕಿದ್ದವರಿಗೆ ಸರಿ; ಭಾರತಕ್ಕೆ ಮರಳುವವರಿಗೆ ದುಬಾರಿ.

ತಿಂಗಳನ್ನೂ ಆರಿಸಬೇಕು. ಫ್ಲೋರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನವಾದರೆ ಸಾಕು ಗುಡುಗು ಮೋಡ. ಬೆಳಗಿನ ಸ್ಲಾಟ್ ಸಿಗದವರು ನೆಲದಲ್ಲೇ ಕೂರುತ್ತಾರೆ. ಅರಿಝೋನಾದ ಬೇಸಿಗೆಯಲ್ಲಿ ಗಾಳಿ ಕಾದು ತೆಳುವಾಗಿ, ಸಣ್ಣ ಎಂಜಿನ್ ಏರಲು ಏದುಸಿರು ಬಿಡುತ್ತದೆ. ಶಾಲೆಗೆ ಫೋನ್ ಮಾಡಿದಾಗ ವಿಮಾನ ಎಷ್ಟಿವೆ ಎಂದು ಕೇಳಿ ಸುಮ್ಮನಾಗಬೇಡಿ. ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಮೆಕ್ಯಾನಿಕ್ ಅಲ್ಲೇ ಇದ್ದಾರೆಯೇ, ಒಬ್ಬ ಶಿಕ್ಷಕನಿಗೆ ವಿದ್ಯಾರ್ಥಿಗಳೆಷ್ಟು, ಕಳೆದ ವರ್ಷ ಸೇರಿದವರು ಈಗ ಯಾವ ಹಂತದಲ್ಲಿದ್ದಾರೆ, ಇಷ್ಟನ್ನೂ ಕೇಳಿ. ಅಲ್ಲಿ ಈಗ ಕಲಿಯುತ್ತಿರುವ ಇಬ್ಬರು ಮೂವರೊಂದಿಗೆ, ಏಜೆಂಟ್ ಕೊಟ್ಟ ನಂಬರ್ ಬಿಟ್ಟು, ನೀವೇ ಹುಡುಕಿ ಮಾತಾಡಿ.

ಹೊರದೇಶವೇ ಆಗಬೇಕೆಂದಿಲ್ಲ ಅನ್ನುವುದನ್ನೂ ಹೇಳಬೇಕು. ಬೆಳಗಾವಿಯ ಸಾಂಬ್ರಾ, ಕಲಬುರಗಿ ನಿಲ್ದಾಣಗಳಲ್ಲಿ ಹಾರಾಟ ತರಬೇತಿ ನಡೆಯುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆಯಿದೆ. ಹೊರಡುವ ಮುನ್ನ ಸಾಂಬ್ರಾಕ್ಕೆ ಹೋಗಿ, ಅನುಮತಿ ಕೊಟ್ಟರೆ ಅರ್ಧ ದಿನ ಕೂತು ನೋಡಿ. ಸಣ್ಣ ವಿಮಾನದ ಸದ್ದು, ಬಿಸಿಲು, ಕಾಯುವಿಕೆ ಮೈಗೆ ಹಿಡಿಸುತ್ತದೋ ಇಲ್ಲವೋ ತಿಳಿಯುತ್ತದೆ.

ರೊಕ್ಕದ ಲೆಕ್ಕ

ಶಾಲೆಯ ‘ಪ್ಯಾಕೇಜ್’ ಅಂಕಿ ನಂಬಿ ಬಜೆಟ್ ಮಾಡಬೇಡಿ. ಅದು ಕನಿಷ್ಠ ಗಂಟೆಯ ಮೇಲೆ ಮಾಡಿದ್ದು. ಅಮೆರಿಕದಲ್ಲಿ ಪ್ರೈವೇಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಎಂದಿದ್ದರೂ ಹೆಚ್ಚಿನವರಿಗೆ 60ರ ಮೇಲೆ ಹಿಡಿಯುತ್ತದೆ. ನೀವೇ ಕೂತು ಬಿಡಿಬಿಡಿಯಾಗಿ ಬರೆಯಿರಿ. ಅಂದಾಜಿನ ಒಂದು ಮಾದರಿ ಹೀಗೆ: ಒಂಟಿ ಎಂಜಿನ್ ವಿಮಾನ 185 ಗಂಟೆ, ಗಂಟೆಗೆ 180 ಡಾಲರ್, 33,300. ಅವಳಿ ಎಂಜಿನ್ 15 ಗಂಟೆ, ಗಂಟೆಗೆ 400, 6,000. ಶಿಕ್ಷಕರ ಶುಲ್ಕ, ನೆಲದ ಪಾಠವೂ ಸೇರಿ 120 ಗಂಟೆ, ಗಂಟೆಗೆ 75, 9,000. ನಾಲ್ಕು ಚೆಕ್‌ರೈಡ್ (ಪರೀಕ್ಷಕರ ಮುಂದೆ ಹಾರಿ ತೋರಿಸುವ ಪರೀಕ್ಷೆ), ತಲಾ 900, 3,600. ಲಿಖಿತ ಪರೀಕ್ಷೆಗಳಿಗೆ 525. ಹದಿನಾಲ್ಕು ತಿಂಗಳ ಬಾಡಿಗೆ, ಊಟ, ಓಡಾಟ, ತಿಂಗಳಿಗೆ 1,200ರಂತೆ 16,800. ಹೆಡ್‌ಸೆಟ್, ಪುಸ್ತಕ, ಐಪ್ಯಾಡ್ 1,500, ವಿಮೆ 1,500, ವೀಸಾ ಮತ್ತು ಇತರ ಶುಲ್ಕ 700. ಕೂಡಿದರೆ ಸುಮಾರು 73,000 ಡಾಲರ್. ಹಾರಾಟದ ಭಾಗಕ್ಕೆ ಶೇ. 15 ಹೆಚ್ಚುವರಿ ಹಿಡಿದರೆ 80,000. ಡಾಲರಿಗೆ 90 ರೂಪಾಯಿ ಹಾಕಿದರೆ 72 ಲಕ್ಷ. ಇದರ ಮೇಲೆ ವಾಪಸ್ ಬಂದ ನಂತರದ ಕನ್ವರ್ಷನ್, ಅಂದರೆ ವಿದೇಶಿ ಲೈಸೆನ್ಸನ್ನು ಭಾರತದ್ದಾಗಿ ಮಾಡಿಸುವುದು; ಆಮೇಲೆ 15 ಲಕ್ಷದ ಆಚೆಗೆ ಹೋಗುವ ಟೈಪ್ ರೇಟಿಂಗ್, ಅಂದರೆ ಒಂದು ಮಾದರಿಯ ದೊಡ್ಡ ವಿಮಾನ ಹಾರಿಸುವ ಅರ್ಹತೆ. ಒಂದು ಕೋಟಿಯ ಅಂಚಿನ ಲೆಕ್ಕವಿದು ಎಂದು ಮನೆಯವರಿಗೆ ಮೊದಲೇ ಗೊತ್ತಿರಲಿ.

ದರ ಕೇಳುವಾಗ ‘ವೆಟ್’ ದರವೋ ‘ಡ್ರೈ’ ದರವೋ ಕೇಳಿ. ವೆಟ್ ಅಂದರೆ ಇಂಧನ ಸೇರಿದ್ದು. ಗಂಟೆಯನ್ನು ಹಾಬ್ಸ್ ಮೀಟರಿನಲ್ಲಿ ಅಳೆಯುತ್ತಾರೋ ಟ್ಯಾಕ್ ಮೀಟರಿನಲ್ಲೋ ಅದನ್ನೂ ಕೇಳಿ. ಹಾಬ್ಸ್ ಎಂಜಿನ್ ಓಡುವಷ್ಟೂ ಹೊತ್ತು ಗಡಿಯಾರದಂತೆ ಓಡುತ್ತದೆ. ಟ್ಯಾಕ್ ಎಂಜಿನ್ನಿನ ಸುತ್ತಿನ ಮೇಲೆ ನಡೆಯುವುದರಿಂದ ನಿಧಾನ. ಸರತಿಯಲ್ಲಿ ನಿಂತು ಕಾಯುವ ದೊಡ್ಡ ನಿಲ್ದಾಣದಲ್ಲಿ ಈ ವ್ಯತ್ಯಾಸ ವರ್ಷದ ಕೊನೆಗೆ ಸಣ್ಣದಾಗಿರುವುದಿಲ್ಲ.

ಪೂರ್ತಿ ಫೀಸನ್ನು ಒಂದೇ ಸಲ ಕಟ್ಟಬೇಡಿ. ಶೇ. 10 ರಿಯಾಯಿತಿ ಎಂದರೂ ಬೇಡ. ಫ್ಲೈಯಿಂಗ್ ಶಾಲೆಗಳು ಬಾಗಿಲು ಹಾಕುವುದು ಎಲ್ಲ ದೇಶದಲ್ಲೂ ನಡೆದಿದೆ. ಮುಂಗಡ ಕಟ್ಟಿದವರ ಹಣ ಶಾಲೆಗೆ ಸಾಲ ಕೊಟ್ಟವರ ಸಾಲಿನ ಕೊನೆಗೆ ಹೋಗುತ್ತದೆ. ಹಂತಕ್ಕೊಂದು ಕಂತು, ಉಳಿದ ಹಣ ವಾಪಸ್ ಮಾಡುವ ನಿಯಮ ಒಪ್ಪಂದದಲ್ಲಿ, ಹಣ ನೇರ ಶಾಲೆಯ ಖಾತೆಗೆ.

ಸಾಲದ ವಿಷಯದಲ್ಲಿ ಗದಗ, ಹಾವೇರಿ ರೈತರ ಮನೆಗಳಿಗೆ ಒಂದು ಮಾತು. ನಾಲ್ಕು ಕೂರಿಗೆ ಎರೆ ಹೊಲದ ಉತಾರ ತೋರಿಸಿದರೂ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಅದನ್ನು ಒತ್ತೆಯಾಗಿ ಒಪ್ಪಲು ಹಿಂಜರಿಯುತ್ತವೆ. ಕಾರಣ ಇಷ್ಟೇ: ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯವಾಗುವುದಿಲ್ಲ. ಎನ್‌.ಎ. ಆದ ಪ್ಲಾಟು, ಪಟ್ಟಣದೊಳಗಿನ ಮನೆ, ಠೇವಣಿ, ಎಲ್‌ಐಸಿ ಪಾಲಿಸಿ ನಡೆಯುತ್ತವೆ. ಹಳ್ಳಿಯ ಮನೆಯಾದರೆ ಇ-ಸ್ವತ್ತು ಸರಿಯಿರಲಿ. ಮಂಜೂರಾತಿಗೆ ತಿಂಗಳುಗಳು ಹಿಡಿಯುವುದರಿಂದ ಮೆಡಿಕಲ್ ಆದ ಮರುದಿನವೇ ವಿದ್ಯಾಲಕ್ಷ್ಮಿ ಪೋರ್ಟಲ್ ಮತ್ತು ಬ್ಯಾಂಕ್ ಶಾಖೆ ಎರಡನ್ನೂ ಹಿಡಿಯಿರಿ. ಕಂತು ಕಟ್ಟದೆ ಇರಬಹುದಾದ ಮೊರಟೋರಿಯಂ ಅವಧಿ ಮುಗಿದ ಕೂಡಲೇ ಕಂತು ಶುರುವಾಗುತ್ತದೆ, ಅಷ್ಟರೊಳಗೆ ಕೆಲಸ ಸಿಕ್ಕಿರುತ್ತದೆ ಎಂದು ಲೆಕ್ಕ ಹಾಕಬೇಡಿ. ಸ್ವಂತ ಹಣವನ್ನು ಹೊರಗೆ ಕಳಿಸಿದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ, ಅಂದರೆ ಹಣ ಕಳಿಸುವಾಗಲೇ ವಸೂಲು ಮಾಡುವ ತೆರಿಗೆ. ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಮಾನ್ಯ ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಟಿಸಿಎಸ್ ಇಲ್ಲ.

ವೀಸಾ, ಸುರಕ್ಷತಾ ತಪಾಸಣೆ

ಅಮೆರಿಕಕ್ಕೆ ಸಾಮಾನ್ಯವಾಗಿ ಎಂ-1 ವೀಸಾ. ಕಾಲೇಜು ಪದವಿಗೆ ಜೋಡಿಸಿದ ಕೋರ್ಸಾದರೆ ಎಫ್-1. ಶಾಲೆ ಐ-20 ಎಂಬ ಪ್ರವೇಶ ಪತ್ರ ಕಳಿಸುತ್ತದೆ, ನೀವು ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ 350 ಡಾಲರ್ ಕಟ್ಟಿ, ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ, ಚೆನ್ನೈ ಅಥವಾ ಹೈದರಾಬಾದಿನಂಥ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ಹೋಗಬೇಕು. ಎಂ-1ನಲ್ಲಿ ದುಡಿಯುವಂತಿಲ್ಲ. ಸಂದರ್ಶನದಲ್ಲಿ ಕೇಳುವುದು ಮೂರು: ಹಣ ಎಲ್ಲಿಂದ, ಈ ಶಾಲೆ ಯಾಕೆ, ಮುಗಿಸಿ ಏನು ಮಾಡುತ್ತೀರಿ. ಕ್ಲಾಸ್ 1 ಮೆಡಿಕಲ್, ಕಂಪ್ಯೂಟರ್ ನಂಬರ್, ಪಾಸಾದ ಡಿಜಿಸಿಎ ಪೇಪರ್ ಕೈಯಲ್ಲಿದ್ದರೆ ಕೊನೆಯ ಪ್ರಶ್ನೆಗೆ ಕಾಗದವೇ ಉತ್ತರ ಕೊಡುತ್ತದೆ. ವೀಸಾ ಅಲ್ಲದೆ ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎಯ ಸುರಕ್ಷತಾ ಅನುಮತಿಯೂ ಬೇಕು; ಬೆರಳಚ್ಚು, 140 ಡಾಲರ್. ಇದು ಬರುವವರೆಗೆ ಹಾರಾಟ ಶುರುವಾಗದು. ಶುಲ್ಕಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನ ಅಧಿಕೃತ ಸೈಟಿನಲ್ಲಿ ನೋಡಿ.

ಹೊರಡುವ ಮುಂಚಿನ ಓದು

ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರಬೇಕಿಲ್ಲ. ರೇಡಿಯೋ ಮಾತು ಅಳತೆಯ ಮಾತು. ಕೆಲವು ನೂರು ಪದ, ನಿಗದಿತ ಕ್ರಮ. ಬೇಕಾದದ್ದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ, ಅಂದರೆ ಐಕಾವೊದ, ಇಂಗ್ಲಿಷ್ ಹಂತಗಳಲ್ಲಿ ಕನಿಷ್ಠ 4. ಆಲ್ಫಾ, ಬ್ರಾವೊ ಅಕ್ಷರಮಾಲೆಯನ್ನು ದಾರಿಯಲ್ಲಿ ಕಾಣುವ ಗಾಡಿ ನಂಬರುಗಳ ಮೇಲೆ ಓದಿ ಓದಿ ನಾಲಿಗೆಗೆ ಹತ್ತಿಸಿ. ಕಂಟ್ರೋಲರ್ ಹೇಳಿದ್ದನ್ನು ಅದೇ ಅಂಕಿಗಳೊಂದಿಗೆ ತಿರುಗಿ ಹೇಳುವುದೇ ರೀಡ್‌ಬ್ಯಾಕ್. ಕೇಳದಿದ್ದರೆ ‘ಸೇ ಅಗೇನ್’ ಅನ್ನಿ. ಕೇಳಿಸಿದಂತೆ ತಲೆಯಾಡಿಸುವ ಅಭ್ಯಾಸ ಆಕಾಶದಲ್ಲಿ ಅಪಾಯ.

ಗಣಿತಕ್ಕೆ ನಮ್ಮ ಹುಬ್ಬಳ್ಳಿ ನಿಲ್ದಾಣವನ್ನೇ ಉದಾಹರಣೆ ಮಾಡಿಕೊಳ್ಳಿ. ಅದರ ರನ್‌ವೇಗೆ 08 ಮತ್ತು 26 ಎಂದು ಎರಡು ತುದಿ. 26 ಅಂದರೆ ಮೂಗು 260 ಡಿಗ್ರಿಯ ಕಡೆ, ಹೆಚ್ಚುಕಡಿಮೆ ಪಶ್ಚಿಮಕ್ಕೆ. ಮುಂಗಾರಿನ ಗಾಳಿ 230 ಡಿಗ್ರಿಯಿಂದ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ವೇಗದಲ್ಲಿ ಬೀಸುತ್ತಿದೆ ಅನ್ನಿ. ನಡುವಿನ ಕೋನ 30, ಅದರ ಸೈನ್ ಅರ್ಧ. ಅಡ್ಡಗಾಳಿ 10 ನಾಟ್, ಎಡಗಡೆಯಿಂದ. ಸೆಸ್ನಾ 172 ವಿಮಾನ 15 ನಾಟ್ ಅಡ್ಡಗಾಳಿಯವರೆಗೆ ಇಳಿದು ತೋರಿಸಿದ್ದು ಕೈಪಿಡಿಯಲ್ಲಿದೆ. ಹೊಸಬರಿಗೆ ಶಾಲೆಗಳು ಅದಕ್ಕಿಂತ ಕಡಿಮೆ ಮಿತಿ ಇಡುತ್ತವೆ. ಇಂಥ ಲೆಕ್ಕ ಬಾಯಲ್ಲೇ ಬರುವಂತಾದರೆ ಅಲ್ಲಿ ಶಿಕ್ಷಕರ ಗಂಟೆಗೆ ಕೊಡುವ 75 ಡಾಲರ್ ಉಳಿಯುತ್ತದೆ.

ಡಿಜಿಸಿಎಯ ಏರ್ ರೆಗ್ಯುಲೇಷನ್, ನ್ಯಾವಿಗೇಷನ್, ಮೆಟಿಯರಾಲಜಿ ಪೇಪರುಗಳನ್ನು ಹೊರಡುವ ಮೊದಲೇ ಬರೆಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಪಾಸಾಗಲು ಶೇ. 70 ಬೇಕು. ವಿದೇಶಿ ಲೈಸೆನ್ಸ್ ಹಿಡಿದು ಬಂದವರಿಗೆ ರೆಗ್ಯುಲೇಷನ್ ಮತ್ತು ನ್ಯಾವಿಗೇಷನ್-ಮೆಟಿಯರಾಲಜಿ ಕೂಡಿದ ಕಾಂಪೊಸಿಟ್ ಪೇಪರ್ ಇದೆ, ನಿಜ. ಆದರೆ ಮರಳಿದ ಮೇಲೆ ಓದಿ ಬರೆಯುವಷ್ಟರಲ್ಲಿ ಹಾರಾಟದ ಆರು ತಿಂಗಳ ಗಡುವು ಕರಗುತ್ತಿರುತ್ತದೆ. ಪೇಪರಿನ ತಡ ಹಾರಾಟದ ಖರ್ಚಾಗಿ ತಿರುಗುವುದು ಹೀಗೆ.

ಅಲ್ಲಿ ಹಾರುವಾಗ

ಮೊದಲ ವಾರದಿಂದಲೇ ವಿಮಾನವನ್ನು ಸುತ್ತು ಹಾಕಿ ನೋಡುವ ಪ್ರಿಫ್ಲೈಟ್ ಕಲಿಸುತ್ತಾರೆ. ಅವಸರ ಮಾಡಬೇಡಿ. ರೆಕ್ಕೆಯ ಕೆಳಗಿನ ಡ್ರೇನಿಗೆ ಪಾರದರ್ಶಕ ಕಪ್ ಒತ್ತಿ ಇಂಧನ ಹಿಡಿಯುವಾಗ ಅದನ್ನು ಬೆಳಕಿಗೆ ಎತ್ತಿ ನೋಡಿ: 100 ಎಲ್‌ಎಲ್ ಪೆಟ್ರೋಲ್ ತಿಳಿನೀಲಿ. ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಂತೆ ಕೂತರೆ ಅದು ನೀರು. ಬರುವುದು ನಿಲ್ಲುವವರೆಗೆ ಮತ್ತೆ ಮತ್ತೆ ಹಿಡಿಯಬೇಕು. ಕಪ್ ಪೂರ್ತಿ ಬಣ್ಣವಿಲ್ಲದೆ ಕಂಡರೆ ಮೂಸಿ ನೋಡಿ. ಇಡೀ ಕಪ್ಪೇ ನೀರಾಗಿರಬಹುದು, ಇಲ್ಲವೆ ಟ್ಯಾಂಕಿಗೆ ಜೆಟ್ ಇಂಧನ ಬಿದ್ದಿರಬಹುದು. ಜೆಟ್ ಇಂಧನ ಕೈಗೆ ಎಣ್ಣೆ ಎಣ್ಣೆ. ಟೇಕಾಫ್ ಆದ ಮೇಲೆ ಎಂಜಿನ್ ಕೆಮ್ಮುವುದಕ್ಕೆ ಈ ಎರಡೂ ಸಾಕು.

ಲ್ಯಾಂಡಿಂಗ್ ಬರುವುದಿಲ್ಲ ಎಂದು ಕಂಗೆಡುವವರು ಬಹಳ. ಹೆಚ್ಚಿನ ಸಲ ತಪ್ಪು ಕಣ್ಣಿನದು. ನೆಲ ಹತ್ತಿರವಾದಾಗ ಮೂಗಿನ ಮುಂದಿನ ಡಾಂಬರನ್ನೇ ನೋಡಿದರೆ ನೆಲ ಓಡಿ ಬಂದಂತೆ ಕಾಣುತ್ತದೆ, ಗಾಬರಿಯಿಂದ ಎಳೆಯುತ್ತೀರಿ, ವಿಮಾನ ಮತ್ತೆ ಮೇಲೇಳುತ್ತದೆ. ರನ್‌ವೇಯ ದೂರದ ತುದಿ ನೋಡಿ. ಇನ್ನೊಂದು ತಪ್ಪು ವೇಗದ್ದು: ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಭಾಗವಾದ ಫೈನಲ್‌ನಲ್ಲಿ 65 ನಾಟ್ ಬದಲು 75 ಇದ್ದರೆ ನೆಲದ ಮೇಲೆ ತೇಲುತ್ತ ಹೋಗುತ್ತದೆ, ಬಲವಂತವಾಗಿ ಕೂರಿಸಲು ಹೋದಾಗ ಮುಂದಿನ ಚಕ್ರಕ್ಕೆ ಪೆಟ್ಟು. ಸರಿಯಿಲ್ಲ ಅನಿಸಿದರೆ ಥ್ರಾಟಲ್ ಪೂರ್ತಿ ತಳ್ಳಿ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಏರಿ ಇನ್ನೊಂದು ಸುತ್ತು. ಅದಕ್ಕೆ ಯಾವ ಒಳ್ಳೆಯ ಶಿಕ್ಷಕನೂ ಅಂಕ ಕಳೆಯುವುದಿಲ್ಲ.

ವಾರಕ್ಕೆ ನಾಲ್ಕು ಹಾರಾಟವಾದರೂ ಇರಲಿ. ವಾರಕ್ಕೊಂದಾದರೆ ಅರ್ಧ ಪಾಠ ಹಿಂದಿನದನ್ನು ನೆನಪಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಮೂವತ್ತು ಗಂಟೆಯಾದರೂ ಸೋಲೋ, ಅಂದರೆ ಒಬ್ಬರನ್ನೇ ಹಾರಲು, ಬಿಡದಿದ್ದರೆ ಕಾರಣ ಕೇಳಿ. ಉತ್ತರ ಸರಿಯೆನಿಸದಿದ್ದರೆ ಬೇರೆ ಶಿಕ್ಷಕರನ್ನು ಕೇಳಿ. ಅದು ಅಗೌರವವಲ್ಲ.

ಲಾಗ್‌ಬುಕ್ ಅನ್ನು ಅದೇ ದಿನ ತುಂಬಿ, ಸೋಲೋ, ಪಿಐಸಿ, ಡ್ಯುಯಲ್ ಬೇರೆ ಬೇರೆ ಅಂಕಣದಲ್ಲಿ. ಎಫ್‌ಎಎ ಪದ್ಧತಿಯಲ್ಲಿ ಬರೆದರೂ ಡಿಜಿಸಿಎ ಲೆಕ್ಕವನ್ನು ಇನ್ನೊಂದು ಹಾಳೆಯಲ್ಲಿ ತಿಂಗಳು ತಿಂಗಳಿಗೆ ಕೂಡಿಸಿಡಿ. ಬಿಳಿ ಬಣ್ಣ ಹಚ್ಚಬೇಡಿ. ತಪ್ಪಾದರೆ ಒಂದು ಗೆರೆ ಎಳೆದು, ಸರಿ ಬರೆದು ಸಹಿ. ಉದ್ದದ ಕ್ರಾಸ್ ಕಂಟ್ರಿಯ ದಿನ ಎರಡೂ ನಿಲ್ದಾಣಗಳ ಹೆಸರು, ಇಳಿದ ಹೊತ್ತು, ಇಂಧನದ ರಸೀದಿ ಇಟ್ಟುಕೊಳ್ಳಿ. ಎಫ್‌ಎಎ ಕೇಳುವುದು ಒಟ್ಟು 300 ನಾಟಿಕಲ್ ಮೈಲಿ, ಮೂರು ಕಡೆ ಲ್ಯಾಂಡಿಂಗ್, ಅದರಲ್ಲಿ ಒಂದು ಜಾಗ ಹೊರಟಲ್ಲಿಂದ ನೇರ ಗೆರೆಯಲ್ಲಿ 250 ಮೈಲಿ ದೂರ. ನಮಗೆ ಬೇಕಾದದ್ದು 300 ಮೈಲಿ ಮತ್ತು ಎರಡು ಪೂರ್ಣ ನಿಲುಗಡೆ. ಒಂದೇ ಹಾರಾಟದಲ್ಲಿ ಎರಡನ್ನೂ ಮುಗಿಸುವಂತೆ ಮಾರ್ಗ ಹಾಕಿ. ಹಗಲಿನ 250 ಮೈಲಿ, ರಾತ್ರಿಯ 120 ಮೈಲಿ ಕ್ರಾಸ್ ಕಂಟ್ರಿ ಪರೀಕ್ಷೆಗಳನ್ನೂ ಡಿಜಿಸಿಎ ಕೇಳುತ್ತದೆ. ಹೊರಡುವ ಕೊನೆಯ ವಾರಗಳಲ್ಲಿ ಅಧಿಕೃತ ಪರೀಕ್ಷಕರಿಂದ ಅವನ್ನು ಮುಗಿಸಿ ವರದಿ ತರಲು ಸಾಧ್ಯವೇ ಎಂದು ಶಾಲೆಗೆ ಮೊದಲೇ ಬರೆದು ಕೇಳಿ.

ಮರಳಿದ ಮೇಲೆ

ವಿಮಾನ ಹತ್ತುವ ಮೊದಲೇ ಎರಡು ಕೆಲಸ ಆಗಿರಲಿ. ಲಾಗ್‌ಬುಕ್‌ನ ಪ್ರತಿ ಪುಟಕ್ಕೆ ಶಾಲೆಯ ದೃಢೀಕರಣ, ತರಬೇತಿ ದಾಖಲೆಯ ನಕಲು. ಎರಡನೆಯದು ಲೈಸೆನ್ಸ್ ನಿಜವೆಂದು ಆ ದೇಶದ ಪ್ರಾಧಿಕಾರ ಡಿಜಿಸಿಎಗೆ ಬರೆಯುವ ವೆರಿಫಿಕೇಷನ್. ಅಮೆರಿಕದ್ದಾದರೆ ಒಕ್ಲಹೋಮ ಸಿಟಿಯ ಕಚೇರಿಯಿಂದ. ಪರೀಕ್ಷೆಯ ದಿನ ಸಿಗುವ ತಾತ್ಕಾಲಿಕ ಕಾಗದ 120 ದಿನ ಮಾತ್ರ ಮಾನ್ಯ, ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ವಿಳಾಸ ಸರಿಯಿರಲಿ.

ಕ್ಲಾಸ್ 1 ಮೆಡಿಕಲ್ ಒಂದು ವರ್ಷದ್ದು. ಹದಿನಾಲ್ಕು ತಿಂಗಳ ನಂತರ ಬರುವಾಗ ಮುಗಿದಿರುತ್ತದೆ. ಬರುವ ಮುನ್ನವೇ ನವೀಕರಣಕ್ಕೆ ದಿನಾಂಕ ಹಿಡಿಯಿರಿ. ರೇಡಿಯೋ ಲೈಸೆನ್ಸಿನ ಆರ್‌ಟಿಆರ್ ಪರೀಕ್ಷೆ ಮೊದಲು ದೂರಸಂಪರ್ಕ ಇಲಾಖೆಯಲ್ಲಿತ್ತು, ಈಗ ಡಿಜಿಸಿಎ ಕೈಗೆ ಬಂದಿದೆ. ಲಿಖಿತಕ್ಕಿಂತ ಮೌಖಿಕದಲ್ಲಿ ಬೀಳುವವರು ಹೆಚ್ಚು, ಏಕೆಂದರೆ ಅಮೆರಿಕದ ರೇಡಿಯೋ ರೂಢಿ ನಾಲಿಗೆಗೆ ಹತ್ತಿರುತ್ತದೆ. ಅಲ್ಲಿ ಆಲ್ಟಿಮೀಟರನ್ನು ಪಾದರಸದ ಇಂಚಿನಲ್ಲಿ ಹೇಳುತ್ತಾರೆ, ಇಲ್ಲಿ ಹೆಕ್ಟೋಪಾಸ್ಕಲ್‌ನಲ್ಲಿ. ಆಲ್ಟಿಮೀಟರನ್ನು ಸ್ಥಳೀಯ ಒತ್ತಡದಿಂದ ಪ್ರಮಾಣಿತ ಒತ್ತಡಕ್ಕೆ ಬದಲಿಸುವ ಟ್ರಾನ್ಸಿಷನ್ ಎತ್ತರ ಅಲ್ಲಿ 18,000 ಅಡಿ, ಇಲ್ಲಿ ನಿಲ್ದಾಣಕ್ಕೆ ತಕ್ಕಂತೆ ಬಹಳ ಕೆಳಗೆ. ಭಾರತದ ಪದ್ಧತಿಯಲ್ಲಿ ಎರಡು ವಾರ ಜೋರಾಗಿ ಹೇಳಿ ಅಭ್ಯಾಸ ಮಾಡಿ.

ಕಡಿಮೆ ಬಿದ್ದ ಗಂಟೆ, ಕಡಿಮೆ ಬಿದ್ದ ಪರೀಕ್ಷೆಗಳನ್ನು ಇಲ್ಲಿನ ಶಾಲೆಯಲ್ಲಿ ಮುಗಿಸಿ ಇ-ಜಿಸಿಎಯಲ್ಲಿ ಅರ್ಜಿ ಹಾಕುವುದು ಕೊನೆಯ ಹೆಜ್ಜೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಂಥ ಕಡೆ ಮೋಡ ಕೆಳಗಿಳಿದು ದಿನಗಟ್ಟಲೆ ಹಾರಾಟ ನಿಲ್ಲುತ್ತದೆ. ಕನ್ವರ್ಷನ್ ಹಾರಾಟವನ್ನು ಅಕ್ಟೋಬರ್ ನಂತರಕ್ಕೆ ಬರುವಂತೆ ಇಡೀ ಯೋಜನೆಯನ್ನು ಹಿಂದಿನಿಂದ ಎಣಿಸಿ.

ಇಷ್ಟಾದ ಕೂಡಲೇ ಏರ್‌ಲೈನ್ ಕರೆಯುತ್ತದೆ ಎಂದು ಯಾರೂ ಮಾತು ಕೊಡಲಾರರು. ಸಿಪಿಎಲ್ ಹಿಡಿದು ಎರಡು ಮೂರು ವರ್ಷ ಕಾದವರಿದ್ದಾರೆ. ಕಾಯುವಾಗ ಐಆರ್ ಮತ್ತು ಮೆಡಿಕಲ್ ಎರಡನ್ನೂ ಪ್ರತಿ ವರ್ಷ ಚಾಲ್ತಿಯಲ್ಲಿಡಬೇಕು. ಜಾಹೀರಾತು ಬಂದಾಗ ಅವಧಿ ಮೀರಿದ ಐಆರ್ ಇದ್ದರೆ ಅರ್ಜಿ ಹಾಕಲಾಗದು. ಟೈಪ್ ರೇಟಿಂಗ್ ಅನ್ನು ಮಾತ್ರ ಕೆಲಸದ ಪತ್ರ ಕೈಗೆ ಬರುವ ಮುನ್ನ ಸ್ವಂತ ಹಣದಲ್ಲಿ ಮಾಡಿಸಬೇಡಿ. ಏರ್‌ಬಸ್ ಎ320 ರೇಟಿಂಗ್ ಮಾಡಿಸಿಕೊಂಡವರಿಗೆ ಬೋಯಿಂಗ್ 737 ಹಾರಿಸುವ ಕಂಪನಿ ಕರೆದರೆ ಆ ರೇಟಿಂಗ್ ಅಲ್ಲಿ ನಡೆಯುವುದಿಲ್ಲ; ಬಳಸದೆ ಬಿಟ್ಟರೆ ಅದರ ರೀಸೆನ್ಸಿ, ಅಂದರೆ ಇತ್ತೀಚೆಗೆ ಹಾರಿಸಿದ ದಾಖಲೆ, ಉಳಿಸಲು ಸಿಮ್ಯುಲೇಟರ್‌ಗೆ ಮತ್ತೆ ಖರ್ಚು ಮಾಡಬೇಕು.